ಮಧುಗಿರಿ ಬೆಟ್ಟದಲ್ಲಿ ಒಂದು ಸಂಕಷ್ಟಿ ಭಾನುವಾರ

ಇದು ನಮ್ಮ ತುಮಕೂರಿನ ಚಾರಣ ಗುಂಪಿನಲ್ಲಿ ನಡೆದದ್ದು. ಯಾರ ಹೆಸರನ್ನೂ ಹಾಕಿಲ್ಲ. ವಯಸ್ಸು, ಕೆಲಸ ಇಂಥವನ್ನು ಸ್ವಲ್ಪ ಬದಲಿಸಿದ್ದೇನೆ. ಗಂಟೆ ನಿಮಿಷಗಳನ್ನು ಮಾತ್ರ ಇದ್ದ ಹಾಗೇ ಬಿಟ್ಟಿದ್ದೇನೆ, ಎಡವಟ್ಟಾದದ್ದೆಲ್ಲ ಅಲ್ಲೇ. ಆ ದಿನ ಗುಂಪಿನ ಕೊನೆಯಲ್ಲಿ ನಡೆಯುವ ಜವಾಬ್ದಾರಿ ನನ್ನದಾಗಿತ್ತು. ಹಾಗಾಗಿ ಇದನ್ನು ಓದುವಾಗ ಬೇರೆಯವರನ್ನು ಬೈಯುವ ಮುಂಚೆ ನನ್ನನ್ನು ಬೈದುಬಿಡಿ.

ಹಿನ್ನೆಲೆ

ನಮ್ಮದು ದೊಡ್ಡ ಕ್ಲಬ್ಬೇನಲ್ಲ. ಒಂದು ವಾಟ್ಸಾಪ್ ಗುಂಪು, ತಿಂಗಳಿಗೆ ಎರಡು ಭಾನುವಾರ, ಬಾಡಿಗೆಗೆ ಒಂದು ಟಿಟಿ. ದೇವರಾಯನದುರ್ಗ, ಸಿದ್ಧರ ಬೆಟ್ಟ, ಚನ್ನರಾಯನದುರ್ಗ, ಆ ಕಡೆ ಸ್ಕಂದಗಿರಿ, ಆವಲಬೆಟ್ಟ. ಬರುವವರು ಮೇಷ್ಟ್ರುಗಳು, ಬ್ಯಾಂಕಿನವರು, ಕಾಲೇಜು ಹುಡುಗರು, ಬೆಂಗಳೂರಿನಿಂದ ವಾರಾಂತ್ಯಕ್ಕೆ ಊರಿಗೆ ಬಂದವರು.

ಮುಂದಾಳತ್ವ ವಹಿಸುವ ಹುಡುಗನಿಗೆ ಮೂವತ್ತೈದರ ಹತ್ತಿರ. ಹಿಮಾಲಯಕ್ಕೆ ಎರಡು ಸಲ ಹೋಗಿದ್ದಾನೆ. ಜೈಸಲ್ಮೇರ್ ಕಡೆ ಮರಳುಗಾಡಿನಲ್ಲಿ ನಾಲ್ಕು ದಿನ ನಡೆದು ಬಂದಿದ್ದಾನೆ. ಅಲ್ಲಿಯ ಒಂದು ವಿಷಯವನ್ನು ಅವನು ಯಾವಾಗಲೂ ಹೇಳುತ್ತಿದ್ದ. ಒಂಟೆಯವನು ಬೆಳಿಗ್ಗೆ ಹತ್ತು ಗಂಟೆಯಾದರೆ ಒಂದು ಹೆಜ್ಜೆ ಮುಂದೆ ಇಡುತ್ತಿರಲಿಲ್ಲವಂತೆ. ಸಿಕ್ಕ ಒಂದು ಗಿಡದ ಕೆಳಗೆ ಎಲ್ಲರನ್ನೂ ಮಲಗಿಸಿ, ಮತ್ತೆ ನಾಲ್ಕರ ಮೇಲೆಯೇ ಹೊರಡಿಸುತ್ತಿದ್ದನಂತೆ. ಈ ಕಥೆಯನ್ನು ನಾವು ಹತ್ತು ಸಲವಾದರೂ ಕೇಳಿದ್ದೇವೆ. ಅದು ಮಧುಗಿರಿಗೂ ಹೊಂದುತ್ತದೆ ಅಂತ ಅವನಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ. ನಮ್ಮೂರ ಬೆಟ್ಟ ತಾನೇ.

ಮಧುಗಿರಿ ಬೆಟ್ಟ ನೋಡದವರಿಗಾಗಿ ಎರಡು ಮಾತು. ತುಮಕೂರಿನಿಂದ ಕೊರಟಗೆರೆ ಮೇಲೆ ನಲವತ್ತು ಚಿಲ್ಲರೆ ಕಿಲೋಮೀಟರ್. ಇಡೀ ಬೆಟ್ಟ ಒಂದೇ ಕಲ್ಲು. ಏಷ್ಯಾದಲ್ಲೇ ಎರಡನೆಯ ದೊಡ್ಡ ಏಕಶಿಲೆ ಅಂತ ಊರವರೆಲ್ಲ ಹೇಳುತ್ತಾರೆ, ಅಳತೆ ಹಿಡಿದವರು ಯಾರು ಅಂತ ನಾನು ಕೇಳಲು ಹೋಗಿಲ್ಲ. ತುದಿ ಸಮುದ್ರ ಮಟ್ಟದಿಂದ 3,900 ಅಡಿಗೂ ಜಾಸ್ತಿ. ಪೇಟೆಯಿಂದ ಲೆಕ್ಕ ಹಾಕಿದರೆ ಸುಮಾರು 400 ಮೀಟರ್ ಹತ್ತಬೇಕು. ಮೊದಲು ಮೆಟ್ಟಿಲು, ಕೋಟೆ ಬಾಗಿಲುಗಳು. ಆಮೇಲೆ ಬರೀ ಬಂಡೆ. ಬಂಡೆಯಲ್ಲಿ ಕಾಲಿಡಲು ಕೊರೆದ ಗುಳಿಗಳು, ಕೆಲವು ಕಡೆ ಕಬ್ಬಿಣದ ಕಂಬಿ. ತುದಿಯಲ್ಲಿ ಪಾಳುಬಿದ್ದ ಗೋಪಾಲಕೃಷ್ಣ ದೇವಸ್ಥಾನ.

ದೂರ ನೋಡಿದರೆ 400 ಮೀಟರ್ ಏನೂ ಅಲ್ಲ. ಆದರೆ ಮೇಲಿನ ಅರ್ಧದಲ್ಲಿ ಮರ ಇಲ್ಲ, ಕುಡಿಯುವ ನೀರಿಲ್ಲ, ಮಣ್ಣೇ ಇಲ್ಲ. ಕೋಟೆ ಗೋಡೆ ಇರುವ ಕಡೆ ಬಿಟ್ಟರೆ ನೆರಳಿಲ್ಲ. ಮೇಲಿಂದ ಬಿಸಿಲು, ಕೆಳಗಿಂದ ಕಲ್ಲಿನ ಕಾವು. ಪಕ್ಕದ ಪಾವಗಡ ತಾಲ್ಲೂಕಿನಲ್ಲಿ ಇದೇ ಬಿಸಿಲನ್ನು ನಂಬಿಕೊಂಡು 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಮಾಡಿದ್ದಾರೆ. ಮರಳುಗಾಡನ್ನು ನೋಡಲು ರಾಜಸ್ಥಾನಕ್ಕೇ ಹೋಗಬೇಕಿಲ್ಲ. ಒಂದು ಮರಳುಗಾಡನ್ನು ಎತ್ತಿ ನೆಟ್ಟಗೆ ನಿಲ್ಲಿಸಿದರೆ ಮಾರ್ಚ್ ತಿಂಗಳ ಮಧುಗಿರಿ ಬೆಟ್ಟ ಆಗುತ್ತದೆ.

ಆ ಭಾನುವಾರ

ಒಟ್ಟು 23 ಜನ. ಬೆಳಿಗ್ಗೆ 6.15ಕ್ಕೆ ಹತ್ತಲು ಶುರು ಮಾಡಿ, 9.30ಕ್ಕೆ ಇಳಿದುಬಿಡುವುದು ಅಂತ ಯೋಜನೆ. ನಿಜವಾಗಿ ಹತ್ತಲು ಶುರು ಮಾಡಿದ್ದು 8.35ಕ್ಕೆ.

ಎರಡು ಗಂಟೆ ಇಪ್ಪತ್ತು ನಿಮಿಷ ಹೇಗೆ ಹೋಯಿತು ಅಂದರೆ ಯಾರೂ ಕದಿಯಲಿಲ್ಲ, ನಾವೇ ಹಂಚಿಕೊಂಡು ತಿಂದೆವು. ಬೆಂಗಳೂರಿನಿಂದ ಬರಬೇಕಿದ್ದ ನಾಲ್ವರಿಗಾಗಿ ಬಸ್ ಸ್ಟ್ಯಾಂಡಿನಲ್ಲಿ ಕಾದದ್ದು ಮುಕ್ಕಾಲು ಗಂಟೆ. ಕೊರಟಗೆರೆಯಲ್ಲಿ ಇಡ್ಲಿ, ಕಾಫಿ, ಮತ್ತೆ ಇನ್ನೊಂದು ಕಾಫಿ. ದಾರಿಯಲ್ಲಿ ಒಂದು ಕೆರೆ ಏರಿ ಮೇಲೆ ಫೋಟೋ. ಬುಡದಲ್ಲಿ ಪರಿಚಯ ಕಾರ್ಯಕ್ರಮ. ಒಂದೊಂದೂ ಸಣ್ಣದು, ಒಂದೊಂದೂ ಖುಷಿಯದ್ದು. 8.35ಕ್ಕೆ ಬುಡದಲ್ಲಿ ನಿಂತಾಗ ‘ಇವತ್ತು ಬೇಡ, ಅರ್ಧಕ್ಕೆ ಹೋಗಿ ವಾಪಸ್ ಬರೋಣ’ ಅಂತ ಹೇಳುವ ಹೊಣೆ ಮುಂದಾಳಿನದು, ನನ್ನದು ಮತ್ತು ಮೇಷ್ಟ್ರದು. ಮೇಷ್ಟ್ರು ಅಂದರೆ ನಿವೃತ್ತ ಪಿಟಿ ಮೇಷ್ಟ್ರು, ಅರವತ್ತೆರಡು ವಯಸ್ಸು, ನಮ್ಮೆಲ್ಲರಿಗಿಂತ ಗಟ್ಟಿ. ಮೂವರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. 23 ಜನ ದುಡ್ಡು ಕೊಟ್ಟು ಬಂದಿದ್ದಾರೆ, ಹೇಗೆ ಹೇಳುವುದು ಅಂತ.

ಗುಂಪಿನಲ್ಲಿ ಒಬ್ಬ ಅಕ್ಕ ಇದ್ದರು. ನಲವತ್ತೇಳು, ಕಚೇರಿ ಕೆಲಸ, ಇದು ಅವರಿಗೆ ಮೂರನೆಯ ಚಾರಣ. ಹಿಂದಿನ ಎರಡರಲ್ಲೂ ಆರಾಮಾಗಿ ನಡೆದಿದ್ದರು. ಕೊರಟಗೆರೆಯಲ್ಲಿ ಇಡ್ಲಿ ತಗೊಳ್ಳಿ ಅಂದರೆ ‘ಮನೇಲೇ ಆಯ್ತು’ ಅಂದರು. ಆಗಿರಲಿಲ್ಲ. ಅವತ್ತು ಸಂಕಷ್ಟಿ. ರಾತ್ರಿ ಚಂದ್ರ ನೋಡುವ ತನಕ ಅವರು ಊಟ ಮಾಡುವುದಿಲ್ಲ. ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿದು ಬಂದಿದ್ದರು, ಅಷ್ಟೇ. ಜೊತೆಗೆ ದಿನವೂ ಬಿಪಿ ಮಾತ್ರೆ ತಗೊಳ್ಳುತ್ತಿದ್ದರು, ಅದರಲ್ಲಿ ಮೈಯ ನೀರನ್ನು ಮೂತ್ರದಲ್ಲಿ ಹೊರಗೆ ಹಾಕುವ ಔಷಧಿಯೂ ಸೇರಿತ್ತು. ನಮ್ಮ ಫಾರಂನಲ್ಲಿ ‘ಯಾವುದಾದರೂ ಕಾಯಿಲೆ ಇದೆಯೇ’ ಎಂಬ ಪ್ರಶ್ನೆಗೆ ಇಲ್ಲ ಅಂತ ಬರೆದಿದ್ದರು. ಆಮೇಲೆ ಕೇಳಿದಾಗ ಅವರು ಹೇಳಿದ್ದು, ‘ಬಿಪಿ ಯಾರಿಗಿಲ್ಲ ಹೇಳಿ? ಅದೂ ಒಂದು ಕಾಯಿಲೆನಾ?’ ನನ್ನ ಅಮ್ಮನೂ ಹೀಗೇ ಹೇಳುತ್ತಾರೆ.

10.40ಕ್ಕೆ ಗುಂಪು ಒಡೆಯಿತು. ಯಾರೂ ಒಡೆಯೋಣ ಅಂತ ತೀರ್ಮಾನ ಮಾಡಲಿಲ್ಲ. ಮುಂದಾಳು ಮತ್ತು ವೇಗವಾಗಿ ನಡೆಯುವವರು, ಒಟ್ಟು 14 ಜನ, ಬಂಡೆ ಭಾಗ ಹತ್ತಿ ಕಣ್ಮರೆಯಾದರು. ‘ಮೇಲೆ ಸಿಗ್ತೀವಿ’ ಅಂತ ಕೂಗಿದ್ದು ಕೇಳಿಸಿತು. ಹಿಂದೆ ನಾವು ಒಂಬತ್ತು ಜನ.

11.15ಕ್ಕೆ ಅಕ್ಕ ಒಂದು ಕೋಟೆ ಬಾಗಿಲ ನೆರಳಿನಲ್ಲಿ ಕೂತರು. ತಲೆನೋವು, ವಾಕರಿಕೆ. ‘ನೀವು ಹೋಗಿ ಬನ್ನಿ, ನಾನಿಲ್ಲೇ ಇರ್ತೀನಿ’ ಅಂದರು. ಒಬ್ಬ ಕಾಲೇಜು ಹುಡುಗ, ಹತ್ತೊಂಬತ್ತು ವರ್ಷ, ‘ಆಂಟಿ ಜೊತೆ ನಾನಿರ್ತೀನಿ ಅಣ್ಣ’ ಅಂದ. ನಾನು ಸರಿ ಅಂದು ಮೇಲೆ ನಡೆದೆ.

ಈ ವಾಕ್ಯ ಬರೆಯಲು ನನಗೆ ಇವತ್ತಿಗೂ ಕಷ್ಟ. ಕೊನೆಯಲ್ಲಿ ಇರಬೇಕಾದವನು ಕೊನೆಯವರನ್ನು ಬಿಟ್ಟು ಹೋದೆ. ಆಗ ಅದು ತಪ್ಪು ಅಂತ ಅನ್ನಿಸಲೇ ಇಲ್ಲ. ನೆರಳಿದೆ, ಜೊತೆಗೆ ಹುಡುಗ ಇದ್ದಾನೆ, ತುದಿ ಅರ್ಧ ಗಂಟೆ ಅಷ್ಟೇ. ಅಲ್ಲದೆ ನಾನು ಮಧುಗಿರಿ ತುದಿ ನೋಡಿರಲಿಲ್ಲ. ಅದೂ ಒಂದು ಕಾರಣ, ಮುಚ್ಚಿಡುವುದೇಕೆ.

ಬಂಡೆಯ ಮೇಲೆ ಸಿಕ್ಕಿಕೊಂಡದ್ದು

ಹುಡುಗ ತನಗೆ ತಿಳಿದದ್ದು ಮಾಡಿದ. ತನ್ನ ಒಂದು ಲೀಟರ್ ಬಾಟಲಿ ಕೊಟ್ಟು ಪೂರ್ತಿ ಕುಡಿಸಿದ. ಖಾಲಿ ಹೊಟ್ಟೆಗೆ ಅಷ್ಟು ನೀರು ಒಮ್ಮೆಗೇ ಹೋಗಿ ಅವರು ವಾಂತಿ ಮಾಡಿಕೊಂಡರು. ಅವನು ಗಾಬರಿಯಾಗಿ ಮುಂದಾಳಿಗೆ ಫೋನ್ ಮಾಡಿದ, ಸಿಗ್ನಲ್ ಇಲ್ಲ. ಮೆಸೇಜ್ ಹಾಕಿದ, ಒಂದೇ ಟಿಕ್.

ಅಷ್ಟರಲ್ಲಿ ಅಕ್ಕನಿಗೆ ನಾಚಿಕೆ ಶುರುವಾಗಿತ್ತು. ತನ್ನಿಂದ ಎಲ್ಲರ ಭಾನುವಾರ ಹಾಳಾಗುತ್ತೆ ಅಂತ. ‘ನಡಿ ಪುಟ್ಟ, ಮೆಲ್ಲಗೆ ಇಳಿದುಬಿಡೋಣ’ ಅಂದು ಎದ್ದರು. ಬಾಗಿಲಿಂದ ಐವತ್ತು ಅಡಿ ಇಳಿದಿರಬಹುದು. ಅಲ್ಲಿ ಬಂಡೆ ಕಡಿದಾಗಿದೆ. ಹತ್ತುವಾಗ ಮುಖ ಕಲ್ಲಿನ ಕಡೆ ಇರುತ್ತದೆ, ಆಳ ಕಾಣುವುದಿಲ್ಲ. ಇಳಿಯುವಾಗ ಇಡೀ ಮಧುಗಿರಿ ಪೇಟೆ ಕಾಲ ಕೆಳಗೆ ತೆರೆದುಕೊಳ್ಳುತ್ತದೆ. ಅವರಿಗೆ ಕಾಲು ನಡುಗಿತು, ಕಣ್ಣು ಕತ್ತಲೆ ಬಂತು, ಕಂಬಿ ಹಿಡಿದರೆ ಅದು ಸುಡುತ್ತಿತ್ತು. ಅಲ್ಲೇ ಕೂತುಬಿಟ್ಟರು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

12.05ಕ್ಕೆ ಹುಡುಗನ ಫೋನ್ ನನಗೆ ತಾಗಿತು. ನಾನು, ಮೇಷ್ಟ್ರು ಮತ್ತು ಒಬ್ಬ ಹುಡುಗಿ ವಾಪಸ್ ಇಳಿದೆವು. ಉಳಿದ ನಾಲ್ವರನ್ನು ಮೇಲಿನ ಗುಂಪು ಸೇರಿಕೊಳ್ಳಲು ಕಳಿಸಿದೆವು. 12.20ಕ್ಕೆ ಅಕ್ಕನ ಹತ್ತಿರ ತಲುಪಿದಾಗ ಅವರ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಕಲ್ಲಿನ ಮೇಲೆ ಅಂಗೈ ಇಟ್ಟರೆ ನನಗೇ ತಡೆಯಲಾಗಲಿಲ್ಲ. ಅವರು ಅದರ ಮೇಲೆ ಕಾಲು ಗಂಟೆಗಿಂತ ಜಾಸ್ತಿ ಕೂತಿದ್ದರು.

ನಾನು ‘ಇಳಿಸೋಣ, ಆಸ್ಪತ್ರೆಗೆ ಹತ್ತಿರ ಆಗುತ್ತೆ’ ಅಂದೆ. ಇಬ್ಬರು ಹಿಡಿದುಕೊಂಡರೆ ಆಗುತ್ತೆ ಅಂತ ನನ್ನ ಲೆಕ್ಕ. ಮೇಷ್ಟ್ರು ನನ್ನ ಮಾತಿಗೆ ಉತ್ತರ ಕೊಡದೆ ಅಕ್ಕನ ಮುಂದೆ ಕುಕ್ಕರಗಾಲಲ್ಲಿ ಕೂತು, ‘ಇವತ್ತು ಯಾವ ವಾರ ಕಣಮ್ಮ? ನಿಮ್ಮ ಮನೆದೇವರು ಯಾವುದು?’ ಅಂತ ಕೇಳಿದರು. ಅಕ್ಕ ಎರಡಕ್ಕೂ ಸರಿಯಾಗಿ ಹೇಳಿದರು. ‘ಇವತ್ತು ಸಂಕಷ್ಟಿ’ ಎಂಬ ಮಾತು ಹೊರಬಿದ್ದದ್ದೂ ಆಗಲೇ. ಆಮೇಲೆ ಮೇಷ್ಟ್ರು ನನ್ನ ಕಡೆ ತಿರುಗಿದರು.

‘ನೋಡಪ್ಪ, ಕೆಳಗೆ ಅಂದ್ರೆ ಒಂದು ಗಂಟೆ ಬಿಸಿಲು. ಮೇಲೆ ಅಂದ್ರೆ ಐವತ್ತು ಅಡಿ, ನೆರಳು. ಯಾವುದು ಹತ್ತಿರ?’

ಇಡೀ ದಿನದಲ್ಲಿ ನಾವು ಮಾಡಿದ ಒಂದೇ ಒಳ್ಳೆಯ ತೀರ್ಮಾನ ಇದು. ಕಾಯಿಲೆ ಬಿದ್ದವರನ್ನು ಮೇಲಕ್ಕೆ ಹತ್ತಿಸುವುದು ಅಂದರೆ ಮನಸ್ಸು ಒಪ್ಪುವುದಿಲ್ಲ. ಮನೆ ಕಡೆ ಮುಖ ಮಾಡಿದರೆ ಸಾಕು, ಏನೋ ಮಾಡಿದ ಸಮಾಧಾನ ಇರುತ್ತದೆ. ಆದರೆ ಆ ಕಡಿದಾದ ಕಲ್ಲಿನಲ್ಲಿ, ನಡುಗುವ ಕಾಲಿನವರನ್ನು, ಮಧ್ಯಾಹ್ನದ ಬಿಸಿಲಿನಲ್ಲಿ ಇಳಿಸಲು ಹೋಗಿದ್ದರೆ ಒಬ್ಬರ ಬದಲು ಮೂವರು ಉರುಳುತ್ತಿದ್ದೆವು. ಐವತ್ತು ಅಡಿ ವಾಪಸ್ ಹತ್ತಿಸಲು ಅರ್ಧ ಗಂಟೆ ಬೇಕಾಯಿತು. 12.50ಕ್ಕೆ ಮತ್ತೆ ಬಾಗಿಲ ನೆರಳು ಸೇರಿದೆವು.

ನೆರಳಿನಲ್ಲಿ ಮೂರು ಗಂಟೆ

ಮಲಗಿಸಿ, ಕಾಲ ಕೆಳಗೆ ಎರಡು ಬ್ಯಾಗ್ ಇಟ್ಟು ಎತ್ತರ ಮಾಡಿದೆವು. ಶೂ, ಸಾಕ್ಸ್ ತೆಗೆದೆವು. ಸ್ವಲ್ಪ ದೂರದಲ್ಲಿ ಒಂದು ದೊಣೆಯಲ್ಲಿ ಹಸಿರುಗಟ್ಟಿದ ನೀರಿತ್ತು. ಕುಡಿಯಲು ಬರುವುದಿಲ್ಲ, ಬಟ್ಟೆ ನೆನೆಸಲು ಬರುತ್ತದೆ. ಹುಡುಗಿ ತನ್ನ ದುಪಟ್ಟಾ ನೆನೆಸಿ ಕತ್ತು, ಕಂಕುಳು, ಹಣೆಗೆ ಹಾಕಿದಳು. ಹುಡುಗ ಒಂದು ರಟ್ಟಿನಲ್ಲಿ ಗಾಳಿ ಬೀಸಿದ.

ನನ್ನ ಬ್ಯಾಗಿನಲ್ಲಿ ಓಆರ್‌ಎಸ್ ಪೊಟ್ಟಣ ಇತ್ತು. ನಾನು ಅದನ್ನು ಅರ್ಧ ಲೀಟರ್ ಬಾಟಲಿಗೆ ಸುರಿಯಲು ಹೋದೆ. ಮೇಷ್ಟ್ರು ಕೈ ಹಿಡಿದರು. ದೊಡ್ಡ ಪೊಟ್ಟಣ ಒಂದು ಲೀಟರಿಗೆ ಅಂತಲೇ ಇರುವುದು. ಅರ್ಧ ಲೀಟರಿಗೆ ಹಾಕಿದರೆ ಉಪ್ಪು, ಸಕ್ಕರೆ ಎರಡರಷ್ಟು ಗಟ್ಟಿಯಾಗಿ, ಉಪಕಾರಕ್ಕಿಂತ ಅಪಕಾರವೇ ಜಾಸ್ತಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಮಟ್ಟ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇಲ್ಲಿ ಚಮಚ ಅಂದರೆ ಟೀ ಚಮಚ.

ಸರಿಯಾಗಿ ಕಲಸಿದ್ದಾಯಿತು. ಅಕ್ಕ ಕುಡಿಯಲು ಒಪ್ಪಲಿಲ್ಲ! ಉಪವಾಸದಲ್ಲಿ ಉಪ್ಪು ಮುಟ್ಟುವುದಿಲ್ಲ. ‘ಬರೀ ನೀರು ಕೊಡಿ ಸಾಕು’ ಅಂತ ಹಟ. ಆದರೆ ಬೆವರಿನಲ್ಲಿ ಉಪ್ಪೂ ಹೋಗಿರುತ್ತದೆ. ಅದನ್ನು ತುಂಬದೆ ಬರೀ ನೀರನ್ನೇ ಸುರಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ಇನ್ನೊಂದು ಅಪಾಯ. ಇದನ್ನು ವಿವರಿಸುವ ಹೊತ್ತು ಅದಲ್ಲ. ನಾನು ಏನೋ ಹೇಳಲು ಹೋದೆ, ಮೇಷ್ಟ್ರು ತಡೆದು, ‘ಇದು ಔಷಧಿ ಕಣಮ್ಮ. ಬೆಳಿಗ್ಗೆ ಬಿಪಿ ಮಾತ್ರೆ ತಗೊಂಡ್ರಲ್ಲ, ಅದಕ್ಕೆ ಗಣೇಶ ಬೇಡ ಅಂದನಾ?’ ಅಂದರು. ಅಕ್ಕ ಸ್ವಲ್ಪ ಹೊತ್ತು ಯೋಚಿಸಿ, ಬಾಟಲಿಗೆ ಕೈ ಚಾಚಿದರು. ಎರಡು ಮೂರು ನಿಮಿಷಕ್ಕೊಂದು ಗುಟುಕು. ವಾಂತಿ ನಿಂತಿತು.

ಗುಂಪಿನ ಒಬ್ಬರ ಅತ್ತಿಗೆ ವೈದ್ಯೆ. ಒಂದು ಗಂಟೆ ಹೊತ್ತಿಗೆ ಅವರಿಗೆ ಫೋನ್ ತಾಗಿತು. ಮಾತು ತೊದಲಿದರೆ, ಏನೇನೋ ಮಾತಾಡಿದರೆ, ಎಚ್ಚರ ತಪ್ಪಿದರೆ ತಣ್ಣಗೆ ಮಾಡುವುದನ್ನು ನಿಲ್ಲಿಸದೆ ತಕ್ಷಣ 108ಕ್ಕೆ ಹೇಳಿ, ಜನ ಕರೆಸಿ ಹೊತ್ತು ಇಳಿಸಿ. ಇಲ್ಲದಿದ್ದರೆ ಬಿಸಿಲು ಇಳಿಯುವ ತನಕ ಕಾಯಿರಿ, ಮೂತ್ರ ಬಂದರೆ ನನಗೆ ತಿಳಿಸಿ ಅಂದರು. ‘ಬೆವರು ಬರ್ತಾ ಇದೆ, ಹಾಗಾಗಿ ಬಿಸಿಲಿನ ಹೊಡೆತ ಅಲ್ಲ ಅನ್ಸುತ್ತೆ’ ಅಂತ ನಾನು ಜಾಣನ ಹಾಗೆ ಹೇಳಿದೆ. ಅವರು ಚೆನ್ನಾಗಿ ಬೈದರು. ಸುಮ್ನೆ ಬಿಸಿಲಲ್ಲಿ ಕೂತವರಿಗೆ ಬೆವರು ನಿಂತುಹೋಗಬಹುದು. ಆದರೆ ಮೈ ಬಗ್ಗಿಸಿ ನಡೆದು, ಹತ್ತಿ ಬಿದ್ದವರಿಗೆ ಮೈ ಒಳಗಿನ ಶಾಖ 40 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೂ ಬೆವರು ಸುರಿಯುತ್ತಿರಬಹುದು. ನೋಡಬೇಕಾದದ್ದು ಬೆವರನ್ನಲ್ಲ, ಬುದ್ಧಿ ಸ್ಥಿಮಿತದಲ್ಲಿದೆಯೋ ಇಲ್ಲವೋ ಅನ್ನುವುದನ್ನು. ಮೇಷ್ಟ್ರು ವಾರ, ಮನೆದೇವರು ಕೇಳಿದ್ದು ಅದಕ್ಕೇ ಅಂತ ನನಗೆ ಆಗ ಹೊಳೆಯಿತು.

1.30ಕ್ಕೆ ಮೇಲಿನಿಂದ 18 ಜನ ಇಳಿದು ಬಂದರು. ನಾವು ಕಳಿಸಿದ ನಾಲ್ವರು ಹೋಗಿ ಸೇರುವ ತನಕ ಮುಂದಿನವರಿಗೆ ಏನೂ ಗೊತ್ತಿರಲಿಲ್ಲ, ದೇವಸ್ಥಾನದ ಹತ್ತಿರ ಗ್ರೂಪ್ ಫೋಟೋ ತೆಗೆಸಿಕೊಂಡಿದ್ದರು. ಮುಂದಾಳು ಅಲ್ಲೇ ಉಳಿದು 17 ಜನರನ್ನು ಕೆಳಗೆ ಕಳಿಸಿದ. ಟಿಟಿ ಹತ್ತಿರ ಎಣಿಸಿದರೆ 16. ಅರ್ಧ ಗಂಟೆ ಎಲ್ಲರ ಜೀವ ಬಾಯಿಗೆ ಬಂತು. ಆ ಮಹಾಶಯ ಎಳನೀರು ಹುಡುಕಿಕೊಂಡು ಪೇಟೆ ಕಡೆ ಹೋಗಿದ್ದ.

3.40ಕ್ಕೆ ಅಕ್ಕ ಹುಡುಗಿಯ ಕೈ ಹಿಡಿದು ಗೋಡೆ ಮರೆಗೆ ಹೋಗಿ ಬಂದರು. ಹುಡುಗಿ ಹೆಬ್ಬೆರಳು ಎತ್ತಿ ತೋರಿಸಿದಳು. ನಮಗೆಲ್ಲ ಪರೀಕ್ಷೆ ಪಾಸಾದಷ್ಟು ಖುಷಿ. 4.15ಕ್ಕೆ ಹೊರಟೆವು. ಕಡಿದಾದ ಕಡೆ ಅಕ್ಕ ಕೂತೇ ಇಳಿದರು. ಕೆಳಗೆ ಮೇಷ್ಟ್ರು ಅವರ ಹಿಮ್ಮಡಿಯನ್ನು ಒಂದೊಂದೇ ಗುಳಿಗೆ ಕೂರಿಸುತ್ತಾ ಹೋದರು, ಪಕ್ಕದಲ್ಲಿ ಮುಂದಾಳು. ದೂರ ನೋಡಬೇಡಿ, ನನ್ನ ಕೈ ನೋಡಿ ಅಂತ ಮೇಷ್ಟ್ರು ಹೇಳುತ್ತಲೇ ಇದ್ದರು. 5.50ಕ್ಕೆ ಬುಡ. ಆಸ್ಪತ್ರೆಯಲ್ಲಿ ಎರಡು ಬಾಟಲಿ ಡ್ರಿಪ್ ಹಾಕಿ, ಬಿಪಿ ನೋಡಿ, ರಾತ್ರಿ ಮನೆಗೆ ಕಳಿಸಿದರು. ಚಂದ್ರ ಆಗಲೇ ಮೇಲೆ ಬಂದಿತ್ತು.

ಆಮೇಲೆ

ಮುಂದಿನ ಭಾನುವಾರ ಮೇಷ್ಟ್ರ ಮನೆ ತಾರಸಿ ಮೇಲೆ ಸೇರಿದೆವು. ಸುಲಭದ ತೀರ್ಪು ಮೊದಲ ಹತ್ತು ನಿಮಿಷದಲ್ಲೇ ಬಂತು: ‘ಉಪವಾಸ ಇದ್ದೀನಿ ಅಂತ ಅವರು ಹೇಳಬೇಕಿತ್ತು.’ ನಿಜ, ಹೇಳಬೇಕಿತ್ತು. ಆದರೆ ನಾವು ಕೇಳಿರಲಿಲ್ಲ. 22 ಜನರ ಮುಂದೆ ಹೋಟೆಲಿನಲ್ಲಿ ಇಡ್ಲಿ ಬೇಡ ಅಂದವರಿಗೆ ಬಲವಂತ ಮಾಡುವುದು ಕೇಳುವುದಲ್ಲ. ಈಗ ಫಾರಂನಲ್ಲಿ ಕಾಯಿಲೆಯ ಪ್ರಶ್ನೆ ಇಲ್ಲ. ‘ದಿನಾ ಯಾವ ಮಾತ್ರೆ ತಗೊಳ್ತೀರಿ?’ ಅಂತ ಇದೆ. ಹೊರಡುವ ಬೆಳಿಗ್ಗೆ ಪ್ರತಿಯೊಬ್ಬರನ್ನೂ ಪಕ್ಕಕ್ಕೆ ಕರೆದು ‘ಏನು ತಿಂದ್ರಿ?’ ಅಂತ ಕೇಳುತ್ತೇವೆ. ಈ ಒಂದು ಪ್ರಶ್ನೆಯಿಂದ ನಮಗೆ ಏಕಾದಶಿ, ರಂಜಾನ್, ತೂಕ ಇಳಿಸುವವರ ಡಯಟ್ಟು, ರಾತ್ರಿಯ ಪಾರ್ಟಿ ಎಲ್ಲವೂ ತಿಳಿದಿವೆ.

ಮುಂದಾಳು ಯಾರೂ ಕೇಳುವ ಮುಂಚೆಯೇ ಒಂಟೆಯವನ ವಿಷಯ ತೆಗೆದ. ‘ಅಲ್ಲಿ ಮರಳು ಕಣ್ಣಿಗೆ ಕಾಣ್ತಿತ್ತು, ಅದಕ್ಕೆ ಹೆದರಿಕೆ ಇತ್ತು. ಇಲ್ಲಿ ಶಾಲೆಯಲ್ಲಿದ್ದಾಗ ಓಡಿ ಹತ್ತಿದ ಬೆಟ್ಟ’ ಅಂದ. ಫೆಬ್ರವರಿ ಅರ್ಧದಿಂದ ಮೇ ಮುಗಿಯುವ ತನಕ ಬರೀ ಬಂಡೆಯ ಬೆಟ್ಟಗಳಲ್ಲಿ 9.30ರ ಮೇಲೆ ಹತ್ತುವುದಿಲ್ಲ ಅಂತ ಅವತ್ತೇ ಗೊತ್ತುಮಾಡಿದೆವು. ಬುಡ ತಲುಪಿದ್ದು ತಡವಾದರೆ ನಾಮದ ಚಿಲುಮೆ ಕಡೆಯ ಕಾಡಿನ ನೆರಳಿನಲ್ಲೋ, ಸಿದ್ಧರ ಬೆಟ್ಟದಲ್ಲೋ ನಡೆದು ಬರುವುದು. ಒಬ್ಬರಿಗಾಗಿ ಕಾಯುವುದು ಕಾಲು ಗಂಟೆ ಮಾತ್ರ.

ಕೊನೆಯಲ್ಲಿ ನಡೆಯುವವರಿಗೆ ಈಗ ‘ಬಾಲ’ ಅಂತ ಹೆಸರು. ಬಾಲಕ್ಕೆ ತುದಿ ಇಲ್ಲ. ಅಂದರೆ ಅವರು ಕೊನೆಯವರು ಎಲ್ಲಿ ನಿಲ್ಲುತ್ತಾರೋ ಅಲ್ಲೇ ನಿಲ್ಲುತ್ತಾರೆ. ಪ್ರತಿ ಬಾಗಿಲಲ್ಲೂ ತಲೆ ಎಣಿಕೆ, ಬಾಲ ಬರದೆ ತಲೆ ಮುಂದೆ ಹೋಗುವ ಹಾಗಿಲ್ಲ.

ಎಲ್ಲರಿಗೂ ಇದು ಹಿಡಿಸಲಿಲ್ಲ. ಕೋಲಾರದ ಅಂತರಗಂಗೆಯಲ್ಲಿ ಗುಹೆಗಳ ಸಂದಿಯಲ್ಲಿ ಬಾಲ ಬರುವ ತನಕ ನಲವತ್ತು ನಿಮಿಷ ಕಾದಾಗ ಒಬ್ಬರು ಸಿಟ್ಟಾಗಿ, ಮೂವರನ್ನು ಕರೆದುಕೊಂಡು ಬೇರೆ ಗುಂಪು ಕಟ್ಟಿದರು. ಬೆಳಗಿನ ಜಾವ ನಾಲ್ಕೂವರೆಗೆ ಹೊರಡಬೇಕು ಅಂದಾಗ ಇನ್ನೂ ಕೆಲವರು ಬಿಟ್ಟರು. ನನಗೂ ಒಂದು ತಕರಾರಿದೆ. ಮುಂದಿನ ವರ್ಷ ಮಾರ್ಚ್ ಮೊದಲ ವಾರ ಚನ್ನರಾಯನದುರ್ಗದಲ್ಲಿ ತುದಿ ಹತ್ತೇ ನಿಮಿಷ ಇರುವಾಗ ಗಡಿಯಾರ ನೋಡಿ ವಾಪಸ್ ಇಳಿದೆವು. ಅವತ್ತು ಮೋಡ ಇತ್ತು, ತಂಪು ಗಾಳಿ ಇತ್ತು. ಅಷ್ಟು ಕಟ್ಟುನಿಟ್ಟು ಬೇಕಿರಲಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ. ಮೇಷ್ಟ್ರು ಒಪ್ಪುವುದಿಲ್ಲ. ಈ ಜಗಳ ಇನ್ನೂ ಮುಗಿದಿಲ್ಲ.

ಅಕ್ಕ ಎಂಟು ತಿಂಗಳು ಬರಲಿಲ್ಲ. ಡಿಸೆಂಬರಿನಲ್ಲಿ ಒಂದು ದಿನ ಬೆಳಗಿನ ಜಾವ, ಬಸ್ ಸ್ಟ್ಯಾಂಡಿನ ಚಳಿಯಲ್ಲಿ ಸ್ವೆಟರ್ ಹಾಕಿಕೊಂಡು ನಿಂತಿದ್ದರು. ಬ್ಯಾಗಿನ ಪಕ್ಕದ ಜೇಬಿನಲ್ಲಿ ಓಆರ್‌ಎಸ್ ಪೊಟ್ಟಣ ಎದ್ದು ಕಾಣುತ್ತಿತ್ತು. ನಾನು ಪಟ್ಟಿ ಹಿಡಿದುಕೊಂಡು ಅವರನ್ನು ಪಕ್ಕಕ್ಕೆ ಕರೆಯಲು ಹೋದೆ. ಅವರು ಇದ್ದ ಕಡೆಯಿಂದಲೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: ‘ಇವತ್ತು ಸಂಕಷ್ಟಿ ಅಲ್ಲ. ಮೂರು ಚಪಾತಿ ತಿಂದಿದ್ದೀನಿ. ಬರ್ಕೊಳ್ಳಿ.’